ಹೊತ್ತಲ್ಲದ ಹೊತ್ತು

ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಯಲ್ಲಿ ಎಷ್ಟೊಂದು 'ಬೇಡ'ಗಳಿದ್ದವು! ತಲೆ ಬಾಚಬೇಡ, ಉಗುರು ತೆಗೆಯಬೇಡ, ಹೊಸ್ತಿಲ ಮೇಲೆ ಕೂರಬೇಡ, ಮಲಗಬೇಡ, ಅಳಬೇಡ. ಯಾಕಜ್ಜಿ ಎಂದು ಕೇಳಿದರೆ ಲಕ್ಷ್ಮಿ ಬರುವ ಹೊತ್ತು ಎನ್ನುತ್ತಿದ್ದಳು. ನಾವು ಸ್ವಲ್ಪ ದೊಡ್ಡವರಾದ ಮೇಲೆ ಲಕ್ಷ್ಮಿಯ ಜಾಗಕ್ಕೆ ಇನ್ನೊಬ್ಬಳು ಬಂದಳು. ಅವಳು ಕೈಕಸಿ, ರಾವಣನ ತಾಯಿ. "ಹೊತ್ತು ಗೊತ್ತು ನೋಡದೆ ಮುಸ್ಸಂಜೆಯಲ್ಲಿ ಗಂಡನ ಹತ್ತಿರ ಹೋದಳು, ಅದಕ್ಕೇ ಅಂಥ ಮಗ ಹುಟ್ಟಿದ" ಎಂದು ಅಜ್ಜಿ ದೀಪದ ಬತ್ತಿ ಸರಿಮಾಡುತ್ತ ಹೇಳುತ್ತಿದ್ದಳು. ಕಥೆ ಇಷ್ಟೇ. ಅದರ ಮುಂದೆ ಕೇಳುವ ಧೈರ್ಯ ನಮಗಿರಲಿಲ್ಲ, ಹೇಳುವ ಮನಸ್ಸು ಅವಳಿಗೂ ಇರಲಿಲ್ಲ.

ಅಜ್ಜಿ ಹೋಗಿ ಬಹಳ ವರ್ಷಗಳಾದವು. ಕೈಕಸಿಯನ್ನು ನಾನು ಮರೆತೇಬಿಟ್ಟಿದ್ದೆ. ಅವಳನ್ನು ಮತ್ತೆ ಕರೆತಂದವರು ನಮ್ಮ ಎದುರುಮನೆಯ ಅಕ್ಕ.

ಅಕ್ಕನಿಗೆ ಇಬ್ಬರು ಮಕ್ಕಳು. ಮಗಳನ್ನು ಒಳ್ಳೆಯ ಕಡೆ ಕೊಟ್ಟಿದ್ದಾಯಿತು. ಮಗ ಕೇರಿಯವರ ಹತ್ತಿರ ಚೀಟಿ ಹಣ ಎತ್ತುತ್ತಿದ್ದವನು ಒಂದು ರಾತ್ರಿ ಊರು ಬಿಟ್ಟ. ಮರುದಿನದಿಂದ ಅಕ್ಕನ ಜಗಲಿಯಲ್ಲಿ ಸಾಲಾಗಿ ಜನ. ಬೈದವರೆಷ್ಟೋ, ಅತ್ತವರೆಷ್ಟೋ. ಅಕ್ಕ ಕೈಬಳೆ ಮಾರಿ ಒಬ್ಬಿಬ್ಬರ ಹಣ ತೀರಿಸಿದರು. ಆದರೆ ಅವರನ್ನು ಹಣ್ಣುಮಾಡಿದ್ದು ಸಾಲಗಾರರಲ್ಲ. ಅರಿಶಿನ ಕುಂಕುಮಕ್ಕೆಂದು ಸೇರಿದ್ದ ಮನೆಯೊಂದರಲ್ಲಿ, ಅವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ, ಒಳಗಿನಿಂದ ಯಾರೋ ಅಂದರಂತೆ: "ಯಾವ ಹೊತ್ತಿನಲ್ಲಿ ಹಡೆದಳೋ ಏನೋ!" ಅಕ್ಕ ಚಪ್ಪಲಿ ಮತ್ತೆ ಮೆಟ್ಟಿಕೊಂಡು ಮನೆಗೆ ಬಂದರು.

ಅದೇ ವಾರ ಒಂದು ಸಂಜೆ ನಮ್ಮ ಮೆಟ್ಟಿಲ ಮೇಲೆ ಬಂದು ಕೂತರು. "ತಂಗೀ, ನೀನು ಓದಿದವಳು. ರಾವಣನ ತಾಯಿ ವಿಚಾರ ಪುಸ್ತಕದಲ್ಲಿ ನಿಜವಾಗಿ ಏನು ಬರೆದಿದೆ? ಹೊತ್ತು ತಪ್ಪಿದ್ದಕ್ಕೇ ಅವನು ಹಾಗಾದದ್ದಾ?" ಎಂದು ಕೇಳಿದರು. ಸ್ವಲ್ಪ ಹೊತ್ತು ಬಿಟ್ಟು, "ನನ್ನ ಮಗ ಹುಟ್ಟಿದ್ದೂ ಮುಸ್ಸಂಜೆಗೇ" ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಅಜ್ಜಿಯ ಆ ಒಂದು ವಾಕ್ಯ ಬಿಟ್ಟರೆ ನನಗೆ ಏನೂ ತಿಳಿದಿರಲಿಲ್ಲ. ಓದಿ ಹೇಳುತ್ತೇನೆ ಅಕ್ಕಾ ಎಂದೆ. ಗ್ರಂಥಾಲಯದಿಂದ ಮೂಲ ಶ್ಲೋಕವೂ ಕನ್ನಡ ಅರ್ಥವೂ ಇದ್ದ ವಾಲ್ಮೀಕಿ ರಾಮಾಯಣದ ಉತ್ತರಕಾಂಡ ತಂದೆ. ಉತ್ತರಕಾಂಡ ಆಮೇಲೆ ಸೇರಿದ್ದು ಎಂದು ಬಹಳ ವಿದ್ವಾಂಸರು ಹೇಳುತ್ತಾರೆ. ಆದರೆ ನಮ್ಮ ಅಜ್ಜಿಯಂದಿರ ನಾಲಿಗೆಗೆ ಬಂದ ಕಥೆಯ ಬೇರು ಅಲ್ಲೇ ಇದೆ.

ಕಥೆ ಶುರುವಾಗುವುದು ಕೈಕಸಿಯಿಂದ ಅಲ್ಲವೇ ಅಲ್ಲ. ಅವಳ ಅಪ್ಪ ಸುಮಾಲಿಯಿಂದ. ಲಂಕೆ ಮೊದಲು ರಾಕ್ಷಸರದ್ದೇ. ವಿಷ್ಣುವಿನ ಕೈಯಲ್ಲಿ ಸೋತು ಅವರೆಲ್ಲ ರಸಾತಳಕ್ಕೆ ಇಳಿದರು. ಬರಿದಾದ ಲಂಕೆಯಲ್ಲಿ ವಿಶ್ರವಸ್ಸು ಮುನಿಯ ಮಗ ಕುಬೇರ ನೆಲೆಸಿದ. ಒಂದು ದಿನ ಭೂಮಿಗೆ ಬಂದ ಸುಮಾಲಿ, ಪುಷ್ಪಕ ವಿಮಾನದಲ್ಲಿ ಹೋಗುತ್ತಿದ್ದ ಕುಬೇರನನ್ನು ಕಂಡ. ಇಂಥ ಮೊಮ್ಮಗ ನಮ್ಮ ಕುಲಕ್ಕೂ ಹುಟ್ಟಿದರೆ ಹೋದದ್ದೆಲ್ಲ ಮರಳಿ ಬಂದೀತು ಎಂದು ಲೆಕ್ಕ ಹಾಕಿದ. ಮಗಳನ್ನು ಕರೆದ. ಅವನು ಮಗಳಿಗೆ ಹೇಳುವ ಮಾತು ಇವತ್ತಿಗೂ ನಮ್ಮ ಮನೆಗಳಲ್ಲಿ ಕೇಳುವಂಥದ್ದೇ: ಹೆಣ್ಣು ಹೆತ್ತವನಿಗೆ ಮಾನದ ಚಿಂತೆ ತಪ್ಪದು, ಹುಟ್ಟಿದ ಮನೆಯವರನ್ನೂ ಕೊಟ್ಟ ಮನೆಯವರನ್ನೂ ಅವಳು ಆತಂಕದಲ್ಲಿಡುತ್ತಾಳೆ, ನಿನ್ನ ವಯಸ್ಸು ಮೀರುತ್ತಿದೆ, ನೀನಾಗಿ ಹೋಗಿ ಆ ಮುನಿಯನ್ನು ವರಿಸು.

ಕೈಕಸಿ ಹೋದಳು. ಮುನಿ ಸಂಜೆಯ ಅಗ್ನಿಹೋತ್ರದಲ್ಲಿದ್ದ. ಅವಳು ತಲೆ ತಗ್ಗಿಸಿ, ಕಾಲ ಹೆಬ್ಬೆರಳಿನಿಂದ ನೆಲ ಗೀರುತ್ತ ನಿಂತಳು. ಆ ದಾರುಣವಾದ ಹೊತ್ತನ್ನು ಅವಳು ಯೋಚಿಸಲಿಲ್ಲ ಎಂದು ಕವಿಯೇ ಹೇಳುತ್ತಾನೆ. ಯಾಕೆ ಯೋಚಿಸಲಿಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳುತ್ತಾನೆ: 'ಪಿತೃಗೌರವ'ದಿಂದ, ಅಪ್ಪನ ಮಾತಿನ ಮೇಲಿನ ಗೌರವದಿಂದ. ಆ ಒಂದು ಪದದ ಮೇಲೆ ನನ್ನ ಬೆರಳು ನಿಂತುಬಿಟ್ಟಿತು. ಅಜ್ಜಿಯ ಕಥೆಯಲ್ಲಿ ಆ ಪದವೇ ಇರಲಿಲ್ಲವಲ್ಲ! ಯಾರು, ಯಾಕೆ ಬಂದೆ ಎಂದು ಮುನಿ ಕೇಳಿದಾಗಲೂ ಅವಳು ಬಯಕೆಯ ಮಾತು ಆಡುವುದಿಲ್ಲ. ನನ್ನ ಹೆಸರು ಕೈಕಸಿ, ಅಪ್ಪ ಹೇಳಿದ್ದಕ್ಕೆ ಬಂದೆ, ಉಳಿದದ್ದನ್ನು ನಿಮ್ಮ ತಪಸ್ಸಿನಿಂದ ನೀವೇ ತಿಳಿದುಕೊಳ್ಳಿ ಎನ್ನುತ್ತಾಳೆ.

ಮುನಿಗೆ ಎಲ್ಲವೂ ತಿಳಿಯಿತು. ಇಂಥ ಹೊತ್ತಿನಲ್ಲಿ ಬಂದದ್ದರಿಂದ ಕ್ರೂರಿಗಳಾದ ಮಕ್ಕಳು ಹುಟ್ಟುತ್ತಾರೆ ಎಂದ. ಅವಳು ಕೈಮುಗಿದಳು. ನಿಮ್ಮಂಥವರಿಂದ ಅಂಥ ಮಕ್ಕಳು ನನಗೆ ಬೇಡ ಎಂದು ಬೇಡಿಕೊಂಡಳು. ಆಗ, ಕೊನೆಯವನು ಧರ್ಮಾತ್ಮನಾಗುತ್ತಾನೆ ಎಂಬ ಮಾತು ಸಿಕ್ಕಿತು. ದಶಗ್ರೀವ, ಕುಂಭಕರ್ಣ, ಶೂರ್ಪನಖಿ ಹುಟ್ಟಿದರು, ಕೊನೆಗೆ ವಿಭೀಷಣ ಹುಟ್ಟಿದ. ಹೊತ್ತು ಕೆಟ್ಟದ್ದೆಂದು ತಿಳಿದ ಮುನಿ, ನಾಳೆ ಬಾ ಎನ್ನಬಹುದಿತ್ತಲ್ಲ? ಎನ್ನಲಿಲ್ಲ. ಮಗಳನ್ನು ಅಟ್ಟಿದವನೊಬ್ಬ, ತಿಳಿದೂ ಸ್ವೀಕರಿಸಿದವನೊಬ್ಬ. ಹೆಸರು ಕೆಟ್ಟದ್ದು ಮಾತ್ರ ಕಾಲಬೆರಳಿನಿಂದ ನೆಲ ಗೀರಿದವಳದ್ದು.

ಇನ್ನೊಂದು ಸಂಗತಿ ಗೊತ್ತಾದಾಗ ನನಗೆ ಆಶ್ಚರ್ಯವೇ ಆಯಿತು. ಮಹಾಭಾರತದ ವನಪರ್ವದಲ್ಲಿಯೂ ರಾಮನ ಕಥೆ ಬರುತ್ತದೆ. ಅಲ್ಲಿ ಕೈಕಸಿಯೇ ಇಲ್ಲ! ತಂದೆಯ ಸೇವೆಗೆಂದು ಕುಬೇರನೇ ಮೂವರು ರಾಕ್ಷಸ ಕನ್ಯೆಯರನ್ನು ಕಳಿಸುತ್ತಾನೆ. ಪುಷ್ಪೋತ್ಕಟೆಗೆ ರಾವಣ, ಕುಂಭಕರ್ಣ, ಮಾಲಿನಿಗೆ ವಿಭೀಷಣ, ರಾಕೆಗೆ ಖರ, ಶೂರ್ಪನಖಿ. ಅವರ ಸೇವೆಗೆ ಮೆಚ್ಚಿ ಮುನಿ ಮಕ್ಕಳನ್ನು ಕೊಡುತ್ತಾನೆ. ಮುಸ್ಸಂಜೆಯ ಮಾತಿಲ್ಲ, ಹೊತ್ತಿನ ದೋಷವಿಲ್ಲ. ಹಾಗಾದರೆ ರಾವಣನಾಗಲು ಮುಸ್ಸಂಜೆ ಬೇಕೇ ಬೇಕೆಂದಿಲ್ಲ.

ಮುಸ್ಸಂಜೆಯ ಇನ್ನೊಬ್ಬ ತಾಯಿ ಭಾಗವತದಲ್ಲಿದ್ದಾಳೆ. ಕಶ್ಯಪರ ಹೆಂಡತಿ ದಿತಿ. ಸವತಿಯರ ಮಕ್ಕಳ ಸಿರಿ ಕಂಡು ಹೊಟ್ಟೆ ಉರಿದು, ಸಂಜೆಯಲ್ಲಿ ಗಂಡನ ಹತ್ತಿರ ಹೋಗುತ್ತಾಳೆ. ಇದು ರುದ್ರ ತನ್ನ ಗಣಗಳೊಡನೆ ಸಂಚರಿಸುವ ಹೊತ್ತು, ಒಂದು ಮುಹೂರ್ತ ತಾಳು ಎಂದರೂ ಅವಳು ತಾಳುವುದಿಲ್ಲ. ಆಮೇಲೆ ನಾಚಿ ನೊಂದುಕೊಳ್ಳುತ್ತಾಳೆ. ಅವಳಿಗೆ ಹುಟ್ಟಿದವರು ಹಿರಣ್ಯಾಕ್ಷ, ಹಿರಣ್ಯಕಶಿಪು. ಆದರೆ ಭಾಗವತ ದಿತಿಯನ್ನು ಅಲ್ಲಿಗೇ ಬಿಟ್ಟುಬಿಡುವುದಿಲ್ಲ. ನಿನ್ನ ಪಶ್ಚಾತ್ತಾಪಕ್ಕೆ ಫಲವಾಗಿ ನಿನ್ನ ಮೊಮ್ಮಗ ಮಹಾಭಕ್ತನಾಗುತ್ತಾನೆ ಎಂದು ಕಶ್ಯಪರು ಹೇಳುತ್ತಾರೆ. ಅವನೇ ಪ್ರಹ್ಲಾದ.

ಮುಂದಿನ ಅಧ್ಯಾಯದಲ್ಲಿ ಕಥೆ ನೇರ ವೈಕುಂಠಕ್ಕೆ ಏರುತ್ತದೆ. ಬಾಗಿಲು ಕಾಯುತ್ತಿದ್ದ ಜಯ ವಿಜಯರು ಸನಕಾದಿ ನಾಲ್ವರು ಋಷಿಗಳನ್ನು ತಡೆದು ಶಾಪಕ್ಕೆ ಗುರಿಯಾಗುತ್ತಾರೆ. ಮೂರು ಜನ್ಮ: ಮೊದಲು ಹಿರಣ್ಯಾಕ್ಷ ಹಿರಣ್ಯಕಶಿಪು, ಆಮೇಲೆ ರಾವಣ ಕುಂಭಕರ್ಣ, ಕೊನೆಗೆ ಶಿಶುಪಾಲ ದಂತವಕ್ತ್ರ. "ಭಕ್ತರಾಗಿ ಏಳು ಜನ್ಮವೋ, ವೈರಿಗಳಾಗಿ ಮೂರು ಜನ್ಮವೋ?" ಎಂದು ದೇವರು ಕೇಳಿದ, ಬೇಗ ಮರಳಲೆಂದು ಅವರು ವೈರವನ್ನೇ ಆರಿಸಿಕೊಂಡರು ಎಂದು ಹರಿಕಥೆಯ ದಾಸರು ತಾಳ ಹಾಕಿ ಹೇಳುವುದನ್ನು ನೀವೂ ಕೇಳಿರಬಹುದು. ಏಳು-ಮೂರರ ಆ ಲೆಕ್ಕ ಭಾಗವತದ ಮೂರನೆಯ ಸ್ಕಂಧದಲ್ಲಿಲ್ಲ. ಜನ ಪ್ರೀತಿಯಿಂದ ಸೇರಿಸಿಕೊಂಡದ್ದು. ಆದರೆ ವೈರದಿಂದಲೂ ದೇವರನ್ನು ಬಿಡದೆ ನೆನೆದವನಿಗೆ ಅವನೇ ಸಿಗುತ್ತಾನೆ ಎಂಬ ಮಾತನ್ನು ಏಳನೆಯ ಸ್ಕಂಧದಲ್ಲಿ ನಾರದರು ಧರ್ಮರಾಯನಿಗೆ ಹೇಳುತ್ತಾರೆ.

ಇದನ್ನು ಎಲ್ಲರೂ ಒಪ್ಪಿದರೆಂದಲ್ಲ. ನಮ್ಮ ಉಡುಪಿಯ ಮಧ್ವಾಚಾರ್ಯರು 13ನೆಯ ಶತಮಾನದಲ್ಲಿ ಬೇರೆಯೇ ಅರ್ಥ ಹೇಳಿದರು. ದ್ವೇಷಿಸಿದವನಿಗೆ ಮೋಕ್ಷ ಹೇಗೆ ಸಿಕ್ಕೀತು? ಆ ದೇಹಗಳಲ್ಲಿ ಎರಡು ಜೀವಗಳಿದ್ದವು, ಒಂದು ಶಾಪಕ್ಕೊಳಗಾದ ದ್ವಾರಪಾಲಕ, ಇನ್ನೊಂದು ನಿಜವಾದ ಅಸುರ. ಭಕ್ತ ಮರಳಿ ವೈಕುಂಠಕ್ಕೆ ಹೋದ, ಅಸುರ ಕತ್ತಲೆಗೆ ಹೋದ ಎಂಬುದು ಅವರ ಮತ. ಶಾಸ್ತ್ರದ ಚರ್ಚೆ ನನಗೆ ಎಟುಕುವುದಲ್ಲ. ಒಬ್ಬನೇ ಮನುಷ್ಯನೊಳಗೆ ಇಬ್ಬರಿರುತ್ತಾರೆ ಎಂಬುದನ್ನು ಮಾತ್ರ ಮಕ್ಕಳನ್ನು ಸಾಕಿದ ಯಾವ ತಾಯಿಯೂ ಅಲ್ಲಗಳೆಯಲಾರಳು. ಚೀಟಿ ಹಣ ನುಂಗಿದ ಆ ಹುಡುಗನೇ, ನನಗೆ ಜ್ವರ ಬಂದಾಗ ಮಳೆಯಲ್ಲಿ ಓಡಿಹೋಗಿ ಮಾತ್ರೆ ತಂದುಕೊಟ್ಟವನು.

ಪ್ರವಚನಗಳಲ್ಲಿ ಇನ್ನೊಂದು ಅರ್ಥ ಹೇಳುತ್ತಾರೆ. ಹತ್ತು ತಲೆ ಎಂದರೆ ಹತ್ತು ಇಂದ್ರಿಯಗಳು. ರಾವಣ ರಜಸ್ಸು, ಕುಂಭಕರ್ಣ ತಮಸ್ಸು, ವಿಭೀಷಣ ಸತ್ತ್ವ. ಹಾಗಾದರೆ ಈ ಮೂವರನ್ನೂ ಹೊತ್ತ ಕೈಕಸಿ ಯಾರು? ಮೂರು ಗುಣಗಳ ತಾಯಿ, ಪ್ರಕೃತಿಯೇ ತಾನೇ? ಅವಳನ್ನು ಬೈಯಲು ಹೊರಟರೆ ನಮ್ಮನ್ನು ಹೊತ್ತ ನೆಲವನ್ನೇ ಬೈದಂತೆ. ಇನ್ನು ಮುಸ್ಸಂಜೆಯ ಮಾತು. ಹಿರಣ್ಯಕಶಿಪುವನ್ನು ಕೊಲ್ಲಲು ನರಸಿಂಹ ಕಂಬದಿಂದ ಬಂದದ್ದು ಯಾವಾಗ? ಹಗಲೂ ಅಲ್ಲ, ರಾತ್ರಿಯೂ ಅಲ್ಲ, ಮುಸ್ಸಂಜೆಯಲ್ಲಿ, ಹೊಸ್ತಿಲ ಮೇಲೆ. ಅಸುರ ಬಂದ ಬಾಗಿಲಲ್ಲೇ ದೇವರೂ ಬಂದ. ಹೊತ್ತಿಗೆ ಯಾವ ಮೈಲಿಗೆ?

ಜೈನ ಕವಿಗಳು ಈ ಮುಸ್ಸಂಜೆಯನ್ನು ಬದಿಗಿಟ್ಟೇಬಿಟ್ಟರು. ವಿಮಲಸೂರಿಯ ಪ್ರಾಕೃತ ಕಾವ್ಯದಲ್ಲಿ ರಾವಣ ರಾಕ್ಷಸನೇ ಅಲ್ಲ, ವಿದ್ಯಾಧರ ವಂಶದ ಅರಸು. ಅವನ ತಾಯಿ ಗರ್ಭ ಧರಿಸುವಾಗ ಒಳ್ಳೆಯ ಕನಸುಗಳನ್ನು ಕಾಣುತ್ತಾಳೆ. ಮಗು ಕೈಗೆ ಸಿಕ್ಕಿದ ರತ್ನದ ಹಾರದಲ್ಲಿ ಅವನ ಮುಖದ ಒಂಬತ್ತು ಪ್ರತಿಬಿಂಬಗಳು ಕಂಡವು, ಅದಕ್ಕೇ ದಶಮುಖ ಎಂದು ಹೆಸರಿಟ್ಟರು. ಎಂಥ ಚಂದದ ಕಲ್ಪನೆ! ಆಡುವ ಮಗು, ಅದರ ಕೈಯಲ್ಲೊಂದು ಹಾರ, ಸುತ್ತ ನಗುವ ಮನೆಮಂದಿ. ಇದೇ ದಾರಿಯಲ್ಲಿ ಕನ್ನಡದಲ್ಲಿ ನಾಗಚಂದ್ರ 'ರಾಮಚಂದ್ರಚರಿತಪುರಾಣ' ಬರೆದ. ಅವನ ರಾವಣ ಒಪ್ಪದ ಹೆಣ್ಣನ್ನು ಮುಟ್ಟುವುದಿಲ್ಲವೆಂದು ವ್ರತ ತೊಟ್ಟವನು. ಸೀತೆಯ ವಿಷಯದಲ್ಲಿ ಮನಸ್ಸು ಜಾರಿತು, ಆಮೇಲೆ ಅವಳ ಸಂಕಟ ಕಂಡು ಕರಗಿತು. ಕೆಡುಕು ಹುಟ್ಟಿನಲ್ಲಿಲ್ಲ, ಶಾಪದಲ್ಲೂ ಇಲ್ಲ, ಮಾಡಿದ ಕರ್ಮದಲ್ಲಿದೆ ಎಂಬುದು ಅಲ್ಲಿನ ದರ್ಶನ. 1949ರಲ್ಲಿ ಬಂದ ಕುವೆಂಪು ಅವರ 'ಶ್ರೀರಾಮಾಯಣ ದರ್ಶನಂ'ನಲ್ಲಂತೂ ರಾವಣನ ಮನಸ್ಸು ತಿರುಗಿ, ಅವನು ಸೀತೆಯಲ್ಲಿ ತಾಯಿಯನ್ನೇ ಕಾಣುತ್ತಾನೆ.

ಹಳ್ಳಿಯ ಹಾಡುಗಾರರು ಇವರೆಲ್ಲರಿಗಿಂತ ಒಂದು ಹೆಜ್ಜೆ ಮುಂದೆ. 1973ರಲ್ಲಿ ಮೈಸೂರಿನಲ್ಲಿ ಅಚ್ಚಾದ ಜನಪದ ರಾಮಾಯಣದ ಕಥೆಯೊಂದನ್ನು ಎ.ಕೆ. ರಾಮಾನುಜನ್ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಹೇಳಿದ್ದಾರೆ. ಮಕ್ಕಳಿಲ್ಲದ ರಾವುಳನಿಗೆ ಶಿವ ಮಾವಿನ ಹಣ್ಣು ಕೊಡುತ್ತಾನೆ. ತಿರುಳು ಹೆಂಡತಿಗೆ, ಓಟೆ ನಿನಗೆ ಎಂದಿರುತ್ತಾನೆ. ಇವನು ತಿರುಳು ತಾನೇ ತಿಂದು ಓಟೆಯನ್ನು ಹೆಂಡತಿಗೆ ಕೊಡುತ್ತಾನೆ. ಬಸಿರಾದವನು ಅವನೇ! ದಿನಕ್ಕೊಂದು ತಿಂಗಳಂತೆ ಬಸಿರು ಬೆಳೆದು, ಒಂಬತ್ತನೆಯ ದಿನ ಸೀನಿದಾಗ ಹುಟ್ಟಿದವಳು ಸೀತೆ. ಓದುತ್ತ ನಾನು ಒಬ್ಬಳೇ ನಕ್ಕೆ. ಹೊತ್ತವಳ ಮೇಲೆ ತಪ್ಪು ಹೊರಿಸುವ ಲೋಕಕ್ಕೆ, ನೀನೂ ಒಂಬತ್ತು ದಿನ ಹೊತ್ತು ನೋಡು ಎಂದಂತಿತ್ತು.

ಇಷ್ಟೆಲ್ಲ ಓದಿ, ಗೆದ್ದವಳ ಹಾಗೆ ಅಕ್ಕನ ಮನೆಗೆ ಹೊರಡಬೇಕೆಂದಿದ್ದೆ. ಆದರೆ ಉತ್ತರಕಾಂಡದಲ್ಲಿ ಅರ್ಧಕ್ಕೆ ಬಿಟ್ಟಿದ್ದ ಪುಟವೊಂದಿತ್ತು. ಅದನ್ನು ಓದಿದ ಮೇಲೆ ನನ್ನ ಕಾಲು ಮುಂದೆ ಹೋಗಲಿಲ್ಲ.

ಮಕ್ಕಳು ಕಾಡಿನಲ್ಲಿ ಬೆಳೆಯುತ್ತಿದ್ದಾರೆ. ಒಂದು ದಿನ ಕುಬೇರ ತಂದೆಯನ್ನು ನೋಡಲು ಪುಷ್ಪಕದಲ್ಲಿ ಬರುತ್ತಾನೆ. ಝಗಝಗಿಸುವ ಅವನನ್ನು ತೋರಿಸಿ ಕೈಕಸಿ ಹಿರಿಯ ಮಗನಿಗೆ ಹೇಳುತ್ತಾಳೆ: ನೋಡು ನಿನ್ನ ಅಣ್ಣನನ್ನು, ಹೇಗೆ ಬೆಳಗುತ್ತಿದ್ದಾನೆ. ನಿನ್ನನ್ನು ನೋಡಿಕೋ. ನೀನೂ ಅವನಂತೆ ಆಗುವ ಹಾಗೆ ಪ್ರಯತ್ನ ಮಾಡು. ಆ ಮಾತು ಕೇಳಿ ದಶಗ್ರೀವನ ಎದೆಯಲ್ಲಿ ಮೊದಲ ಸಲ ಮತ್ಸರ ಹುಟ್ಟಿತು. ಅವನ ಸಮಾನನಾಗುತ್ತೇನೆ, ಅವನನ್ನು ಮೀರುತ್ತೇನೆ ಎಂದು ತಾಯಿಗೆ ಮಾತು ಕೊಟ್ಟು, ತಮ್ಮಂದಿರೊಡನೆ ತಪಸ್ಸಿಗೆ ಹೊರಟ. ಎಲ್ಲಿಗೆ? ನಮ್ಮ ಮನೆಯಿಂದ ಒಂದು ಗಂಟೆಯ ಬಸ್ಸಿನ ದಾರಿಯಲ್ಲಿರುವ ಗೋಕರ್ಣಕ್ಕೆ.

ಎಂಥ ಸಾಮಾನ್ಯ ಮಾತು ಅದು! ಅದರಲ್ಲಿ ಶಾಪವಿಲ್ಲ, ಕೇಡು ಬಯಸಿದ್ದೂ ಇಲ್ಲ. ಅಪ್ಪ ಅವಳ ತಲೆಯಲ್ಲಿ ತುಂಬಿದ್ದನ್ನು ಅವಳು ಮಗನ ತಲೆಗೆ ದಾಟಿಸಿದಳು, ಅಷ್ಟೇ. ದಿತಿಯನ್ನು ಕೆಡಿಸಿದ್ದೂ ಇದೇ ಅಲ್ಲವೇ, ಸವತಿಯ ಮಕ್ಕಳ ಜೊತೆ ಹೋಲಿಕೆ? ನನಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಎಂಜಿನಿಯರ್. ಚಿಕ್ಕವನು ಓದಿನಲ್ಲಿ ಹಿಂದೆ. "ನೋಡು ನಿನ್ನ ಅಣ್ಣನ್ನ" ಎಂದು ನಾನು ಎಷ್ಟು ಸಲ ಅಂದಿದ್ದೇನೆ! ಅಂಕಪಟ್ಟಿ ಬಂದಾಗ, ನೆಂಟರು ಬಂದಾಗ, ಅನ್ನ ಬಡಿಸುವಾಗ. ಅವನು ಚೀಟಿ ಹಣ ನುಂಗಲಿಲ್ಲ, ನಿಜ. ಹುಬ್ಬಳ್ಳಿಯಲ್ಲಿ ಅಂಗಡಿಯೊಂದರಲ್ಲಿ ಮರ್ಯಾದೆಯಿಂದ ದುಡಿಯುತ್ತಿದ್ದಾನೆ. ಆದರೆ ಹಬ್ಬಕ್ಕೆ ಅಣ್ಣ ಬರುವ ದಿನ ಅವನು ಬರುವುದಿಲ್ಲ. ರಜೆ ಸಿಗಲಿಲ್ಲ ಎನ್ನುತ್ತಾನೆ. ಅಂಗಡಿಯ ರಜೆಯ ಲೆಕ್ಕ ನನಗೂ ಗೊತ್ತಿದೆ.

ಕೈಕಸಿಯ ಬದುಕಿನಲ್ಲಿ ಮುಸ್ಸಂಜೆ ಅವಳ ತಪ್ಪಲ್ಲ. ತಪ್ಪೊಂದು ಇದ್ದರೆ ಅದು ಹಗಲಿನ ಬೆಳಕಿನಲ್ಲಿ, ಒಳ್ಳೆಯದಾಗಲೆಂದೇ ಆಡಿದ ಆ ಮಾತು. ಆದರೂ ಆ ಮಾತೇ ರಾವಣನನ್ನು ಮಾಡಿತು ಎಂದರೆ ಮತ್ತೆ ತಾಯಿಯ ಮೇಲೇ ಗೂಬೆ ಕೂರಿಸಿದಂತೆ. ಅದೇ ತಾಯಿಯ ಮಗ ವಿಭೀಷಣನೂ ಅದೇ ಗೋಕರ್ಣದಲ್ಲಿ ತಪಸ್ಸು ಮಾಡಿದ. ಬ್ರಹ್ಮ ಬಂದಾಗ ಎಂಥ ಆಪತ್ತಿನಲ್ಲೂ ಮನಸ್ಸು ಧರ್ಮದಲ್ಲಿ ನಿಲ್ಲಲಿ ಎಂದು ಬೇಡಿದ. ಅಣ್ಣ ತನಗೆ ಸಾವು ಬಾರದಿರಲಿ ಎಂದು ಬೇಡಿದ. ಬೇಡುವ ಹೊತ್ತಿನಲ್ಲಿ ತಾಯಿ ಅಲ್ಲಿರಲಿಲ್ಲ. ಅದು ಅವರವರದೇ ಆಯ್ಕೆ.

ಅಕ್ಕನ ಮನೆಗೆ ಹೋಗಿ ಓದಿದ್ದನ್ನೆಲ್ಲ ಹೇಳಿದೆ. ಕೊನೆಯ ಪುಟವನ್ನೂ ಮುಚ್ಚಿಡಲಿಲ್ಲ, ನನ್ನ ಚಿಕ್ಕವನ ವಿಷಯವನ್ನೂ ಮುಚ್ಚಿಡಲಿಲ್ಲ. ಅವರು ಬಹಳ ಹೊತ್ತು ಮಾತಾಡಲಿಲ್ಲ. "ನಾನೂ ಅಂದಿದ್ದೇನೆ ತಂಗೀ. ಅಕ್ಕನನ್ನು ನೋಡು, ಭಾವನನ್ನು ನೋಡು ಅಂತ" ಎಂದರು. ಆಮೇಲೆ, "ಆದರೆ ಹಣ ಎತ್ತು ಅಂತ ನಾನು ಹೇಳಲಿಲ್ಲ" ಎಂದರು. ಎಷ್ಟೋ ದಿನಗಳ ಮೇಲೆ ಅವರ ಬೆನ್ನು ನೆಟ್ಟಗಾದದ್ದನ್ನು ಕಂಡೆ.

ಮುಂದಿನ ಸೋಮವಾರ ಇಬ್ಬರೂ ಗೋಕರ್ಣಕ್ಕೆ ಹೋದೆವು. ಅಲ್ಲಿನ ಸ್ಥಳಪುರಾಣ ನಮ್ಮ ಕಡೆಯ ಮಕ್ಕಳಿಗೆಲ್ಲ ಗೊತ್ತು. ರಾವಣನ ತಾಯಿ ಕಡಲ ದಂಡೆಯಲ್ಲಿ ಮರಳಿನ ಲಿಂಗ ಮಾಡಿ ಪೂಜಿಸುತ್ತಿದ್ದಳು. ಅವಳಿಗಾಗಿ ಮಗ ಶಿವನ ಆತ್ಮಲಿಂಗವನ್ನೇ ಬೇಡಿ ತಂದ. ದಾರಿಯಲ್ಲಿ ವಿಷ್ಣು ಚಕ್ರದಿಂದ ಸೂರ್ಯನನ್ನು ಮರೆಮಾಡಿದ. ಸಂಧ್ಯಾವಂದನೆಯ ಹೊತ್ತಾಯಿತೆಂದು ರಾವಣ ಲಿಂಗವನ್ನು ಹುಡುಗನ ವೇಷದ ಗಣಪತಿಯ ಕೈಗೆ ಕೊಟ್ಟ. ಗಣಪತಿ ಮೂರು ಸಲ ಕರೆದು ನೆಲಕ್ಕಿಟ್ಟುಬಿಟ್ಟ. ಮತ್ತೆ ಮುಸ್ಸಂಜೆ! ಹೊತ್ತಲ್ಲದ ಹೊತ್ತಿನಲ್ಲಿ ಹುಟ್ಟಿದವನೆಂದು ಹೆಸರಾದವನು, ಕೈಯಲ್ಲಿದ್ದದ್ದನ್ನು ಕಳೆದುಕೊಂಡದ್ದು ಹೊತ್ತಿನ ಕರ್ತವ್ಯ ತಪ್ಪಬಾರದೆಂಬ ಶ್ರದ್ಧೆಯಿಂದ. ಈ ಕಥೆ ಹೇಳಿದವರಿಗೆ ಆ ತಾಯಿ ಮಗನ ಮೇಲೆ ಸಿಟ್ಟಿರಲಿಲ್ಲ ಎಂದು ನನಗನ್ನಿಸುತ್ತದೆ.

ಮಹಾಬಲೇಶ್ವರನ ದರ್ಶನ ಮಾಡಿ ಕಡಲಿನ ಕಡೆಗೆ ಬಂದೆವು. ಹೊತ್ತು ಮುಳುಗುತ್ತಿತ್ತು. ಅಕ್ಕ ಒದ್ದೆ ಮರಳನ್ನು ಕೈಯಲ್ಲಿ ಕೂಡಿಸಿ ಸಣ್ಣದೊಂದು ಲಿಂಗ ಮಾಡಿ, ಸೆರಗಿನ ತುದಿಯಿಂದ ಹೂವು ಬಿಡಿಸಿ ಇಟ್ಟರು. ಯಾರಿಗಾಗಿ ಎಂದು ನಾನು ಕೇಳಲಿಲ್ಲ. ಅವರಿಂದ ನಾಲ್ಕು ಹೆಜ್ಜೆ ದೂರ ಹೋಗಿ ಹುಬ್ಬಳ್ಳಿಗೆ ಫೋನು ಮಾಡಿದೆ. "ಏನಮ್ಮಾ, ಈ ಹೊತ್ತಿನಲ್ಲಿ?" ಎಂದ ಮಗ ಗಾಬರಿಯಿಂದ. ಏನೂ ಇಲ್ಲ ಮಾರಾಯ, ನಿನ್ನ ದನಿ ಕೇಳಬೇಕು ಅನ್ನಿಸಿತು ಎಂದೆ.